ಹಳೆಯ ಜಪಾನಿ ಚಿತ್ರಗಳ ಸಿಟ್ಟಿನ ಹರೆಯ: ಸಂಗ್ರಹಕ್ಕೆ ಕೈಹಾಕುವವರಿಗೆ

ಜಪಾನಿ ಸಿನಿಮಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕುರೊಸಾವಾ ಅವರ ಸಮುರಾಯಿಗಳು, ಓಝು ಚಿತ್ರಗಳ ಮಿತಭಾಷಿ ಅಪ್ಪಂದಿರು ನೆನಪಾಗುತ್ತಾರೆ. ಅದೇ ವರ್ಷಗಳಲ್ಲಿ ಅಪ್ಪನ ಮಾತು ಕೇಳದ, ಶಾಲೆಯಿಂದ ಹೊರಬಿದ್ದ, ಕಾರು ಕದ್ದು ಕಡಲ ದಂಡೆಗೆ ಓಡಿದ ಹುಡುಗ ಹುಡುಗಿಯರ ಚಿತ್ರಗಳೂ ಅಲ್ಲಿ ಸಾಲುಸಾಲಾಗಿ ಬಂದವು. ನಿಕ್ಕಾತ್ಸು, ಶೋಚಿಕು, ತೋಯೆಯಂಥ ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳಿಗೆ ಒಂದೇ ಟಿಕೆಟ್ಟಿಗೆ ಎರಡೆರಡಾಗಿ ತೋರಿಸುವ ಹೊಸ ಜೋಡಿ ಚಿತ್ರಗಳನ್ನು ಬಿಡುವಿಲ್ಲದೆ ಒದಗಿಸಬೇಕಿತ್ತು. ಹಾಗಾಗಿ ಪೋಸ್ಟರ್‌ಗಳ ಆಯುಷ್ಯವೂ ಅಷ್ಟೇ ಆಗಿತ್ತು. ಅಂಟಿಸಿದ್ದನ್ನು ಕೆಲವೇ ದಿನಗಳಲ್ಲಿ ಕಿತ್ತು ಎಸೆದು, ಆ ಜಾಗಕ್ಕೆ ಮುಂದಿನ ಚಿತ್ರದ್ದನ್ನು ಹಚ್ಚುತ್ತಿದ್ದರು. ಹಾಗೆ ಎಸೆಯುವುದಕ್ಕೆಂದೇ ಅಚ್ಚಾದ ಕಾಗದವನ್ನು ಇಂದು ಟೋಕಿಯೊದಿಂದ ಲಂಡನ್ನಿನವರೆಗೆ ಜನ ಹುಡುಕಿ ಕೊಳ್ಳುತ್ತಿದ್ದಾರೆ.

ಈ ಸಂಗ್ರಹ ಶುರುಮಾಡುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ತಾರೆಯ ಮುಖ ನೋಡಿ ಕೊಳ್ಳಬೇಡಿ. ಆ ಚಿತ್ರದ ಹುಡುಗನಿಗೆ ಅಥವಾ ಹುಡುಗಿಗೆ ಯಾರ ಮೇಲೆ ಸಿಟ್ಟು ಎಂದು ಕೇಳಿಕೊಂಡು ಕೊಳ್ಳಿ. ಮುಖ ನೋಡಿ ಕೊಂಡರೆ ಕೈಗೆ ಬರುವುದು ಅಂದದ ಕಾಗದಗಳ ರಾಶಿ. ಸಿಟ್ಟಿನ ಜಾಡು ಹಿಡಿದರೆ ಯುದ್ಧದಲ್ಲಿ ಸೋತ ದೇಶವೊಂದು ಮೂವತ್ತು ವರ್ಷ ತನ್ನ ಮಕ್ಕಳೊಂದಿಗೆ ನಡೆಸಿದ ಜಗಳ ನಿಮ್ಮ ಕಪಾಟಿನಲ್ಲಿ ಕ್ರಮವಾಗಿ ಕೂರುತ್ತದೆ.

ಹೆಜ್ಜೆ 1: ಒಂದು ಕಾಲವನ್ನು ಆರಿಸಿಕೊಳ್ಳಿ

ಎಲ್ಲವನ್ನೂ ಕೊಳ್ಳಲು ಹೊರಟರೆ ಹಣವೂ ಮುಗಿಯುತ್ತದೆ, ಆಸಕ್ತಿಯೂ ಮುಗಿಯುತ್ತದೆ. ಸ್ಥೂಲವಾಗಿ ನಾಲ್ಕು ಅಲೆಗಳಿವೆ. ಒಂದನ್ನು ಹಿಡಿಯಿರಿ.

ಮೊದಲನೆಯದು 1956ರ ‘ತೈಯೋಝೊಕು’, ಅಂದರೆ ಸೂರ್ಯ ಪಂಗಡ. ಶಿಂತಾರೊ ಇಶಿಹಾರಾ ಎಂಬ ಕಾಲೇಜು ಹುಡುಗ ಬರೆದ ‘ತೈಯೊ ನೊ ಕಿಸೆತ್ಸು’ (ಸೂರ್ಯನ ಋತು) ಕಥೆಗೆ ಅಕುತಗಾವಾ ಸಾಹಿತ್ಯ ಪ್ರಶಸ್ತಿ ಬಂತು. ಆ ವರ್ಷದ ಮೇ ತಿಂಗಳಲ್ಲೇ ನಿಕ್ಕಾತ್ಸು ಅದನ್ನು ಚಿತ್ರವಾಗಿ ತೆರೆಗೆ ತಂದಿತು. ಜುಲೈಯಲ್ಲಿ ಕೊ ನಾಕಾಹಿರಾ ನಿರ್ದೇಶನದ ‘ಕುರುತ್ತ ಕಾಜಿತ್ಸು’ ಬಂತು. ಶಿಂತಾರೊ ಅವರ ತಮ್ಮ ಯೂಜಿರೊ ಇಶಿಹಾರಾ ಅದರಿಂದ ಒಮ್ಮೆಲೇ ತಾರೆಯಾದರು. ಸಂಗೀತ ಕೊಟ್ಟ ಇಬ್ಬರಲ್ಲಿ ಒಬ್ಬರು ಆಗಿನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ತೊರು ತಾಕೆಮಿತ್ಸು. ಇನ್ನೊಬ್ಬರು ಮಸಾರು ಸಾತೊ. ದಾಯೆಯಿ ಸ್ಟುಡಿಯೊಗಾಗಿ ಕೊನ್ ಇಚಿಕಾವಾ ‘ಶೊಕೆಯ್ ನೊ ಹೆಯಾ’ ಮಾಡಿದ್ದೂ ಅದೇ ಬೇಸಿಗೆಯಲ್ಲಿ. ಈ ಹುಡುಗರು ಬಡವರಲ್ಲ. ಅವರಲ್ಲಿ ದೋಣಿ, ಹವಾಯಿ ಅಂಗಿ, ಬಿಡುವು ಎಲ್ಲವೂ ಇವೆ. ‘ಇನ್ನು ಇದು ಯುದ್ಧೋತ್ತರ ಕಾಲವಲ್ಲ’ ಎಂದು ಜಪಾನ್ ಸರ್ಕಾರದ ಆರ್ಥಿಕ ಶ್ವೇತಪತ್ರ ಘೋಷಿಸಿದ ವರ್ಷವೂ ಅದೇ. ಹಿರಿಯರು ಸೋತು, ದುಡಿದು, ಕಟ್ಟಿದ್ದನ್ನೆಲ್ಲ ಅನುಭವಿಸುತ್ತಲೇ ‘ನಿಮ್ಮ ನೀತಿ ನಮಗೆ ಬೇಡ’ ಎಂದು ಮುಖ ತಿರುಗಿಸುವ ಹುಡುಗರು ಇವರು. ಸಮಾಜ ಬೆಚ್ಚಿಬಿದ್ದಿತು. ಚಿತ್ರೋದ್ಯಮದ ಸ್ವಯಂ ಪರಿಶೀಲನಾ ಮಂಡಳಿಯಾದ ‘ಏಯ್‌ರಿನ್’ ಉದ್ಯಮದವರ ಕೈಗೊಂಬೆ ಎಂಬ ಟೀಕೆ ಎದ್ದು, ವರ್ಷದ ಕೊನೆಯಲ್ಲಿ ಹೊರಗಿನವರನ್ನು ಸೇರಿಸಿಕೊಂಡು ಅದನ್ನು ಪುನರ್ರಚಿಸಬೇಕಾಯಿತು. ಕೆಲವೇ ಚಿತ್ರಗಳು ಇಡೀ ಪರಿಶೀಲನಾ ವ್ಯವಸ್ಥೆಯನ್ನು ಬದಲಿಸಿದ ಕಾಲ ಇದು. ಸಂಗ್ರಹಕಾರರು ಇದಕ್ಕೆ ಬೆಲೆ ಕೊಡುವುದು ಸಹಜ.

ಎರಡನೆಯ ಅಲೆ 1960ರದು. ಅಮೆರಿಕದೊಂದಿಗಿನ ಭದ್ರತಾ ಒಪ್ಪಂದದ ವಿರುದ್ಧ ಟೋಕಿಯೊ ಬೀದಿಗಿಳಿದಿದ್ದ ವರ್ಷ. ನಾಗಿಸಾ ಓಶಿಮಾ ಅವರ ‘ಸೈಶುನ್ ಝಾಂಕೊಕು ಮೊನೊಗತಾರಿ’ ಜೂನಿನಲ್ಲಿ ಬಂತು. ಅದರೊಳಗೆ ನಿಜವಾದ ಪ್ರತಿಭಟನೆಗಳ ದೃಶ್ಯಗಳೇ ಇವೆ. ಇಲ್ಲಿನ ಹುಡುಗ ಹುಡುಗಿಗೆ ಸರ್ಕಾರದ ಮೇಲಷ್ಟೇ ಅಲ್ಲ, ಹೋರಾಡಿ ಸೋತು ಸುಮ್ಮನಾದ ಅಕ್ಕಂದಿರ ತಲೆಮಾರಿನ ಮೇಲೂ ಸಿಟ್ಟು. ಅದೇ ವರ್ಷ ಓಶಿಮಾ ಅವರ ಇನ್ನೊಂದು ಚಿತ್ರವನ್ನು, ವಿದ್ಯಾರ್ಥಿ ಚಳವಳಿಯ ಒಳಜಗಳ ಕುರಿತದ್ದು, ಶೋಚಿಕು ನಾಲ್ಕೇ ದಿನಕ್ಕೆ ಚಿತ್ರಮಂದಿರಗಳಿಂದ ಹಿಂತೆಗೆದುಕೊಂಡಿತು. ಕೊರೆಯೊಶಿ ಕುರಾಹಾರಾ ಅವರ ‘ಕ್ಯೋನೆತ್ಸು ನೊ ಕಿಸೆತ್ಸು’ ಕೂಡ 1960ರದೇ. ಜಾಝ್ ಕೇಳುತ್ತ, ಕದಿಯುತ್ತ, ಒಂದು ಕ್ಷಣವೂ ಸುಮ್ಮನಿರದ ಹುಡುಗನ ಬೆನ್ನು ಹತ್ತಿದ ಕ್ಯಾಮೆರಾ ಅದರಲ್ಲಿದೆ. ಮರುವರ್ಷ ಸುಸುಮು ಹಾನಿ ಸುಧಾರಣಾಗೃಹದ ಅನುಭವವಿದ್ದ ಹುಡುಗರನ್ನೇ ಹಾಕಿಕೊಂಡು ‘ಫುರ್ಯೋ ಶೋನೆನ್’ ಮಾಡಿದರು. ‘ಕಿನೆಮಾ ಜುಂಪೊ’ ಎಂಬ ಸಿನಿಮಾ ಪತ್ರಿಕೆಯ ಆ ವರ್ಷದ ಒಳ್ಳೆಯ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ. ಸೆಯ್‌ಜುನ್ ಸುಝುಕಿ ಅವರ 1966ರ ‘ಕೆಂಕಾ ಎರೆಜೀ’ಯನ್ನು ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಕಥೆ ನಡೆಯುವುದು 1930ರ ದಶಕದಲ್ಲಿ. ಪ್ರೀತಿ ಹೇಳಿಕೊಳ್ಳಲಾಗದ ಹುಡುಗನೊಬ್ಬ ಹೊಡೆದಾಟದಲ್ಲಿ ಉಸಿರಾಡುತ್ತಾನೆ, ಆ ಹೊಡೆದಾಟದ ಹಾದಿ ಸೈನಿಕಶಾಹಿಯ ಬಾಗಿಲಿಗೆ ಹೋಗಿ ಮುಟ್ಟುತ್ತದೆ. ಹರೆಯದ ಸಿಟ್ಟನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರ ವಿರಳ.

ಮೂರನೆಯದು 1970ರ ಹುಡುಗಿಯರು. ನಿಕ್ಕಾತ್ಸುವಿನ ‘ನೊರಾನೆಕೊ ರೊಕ್ಕು’ ಸರಣಿಯ ಐದು ಚಿತ್ರಗಳು 1970ರ ಮೇಯಿಂದ 1971ರ ಜನವರಿಯೊಳಗೆ ಬಂದವು. ಯಾಸುಹಾರು ಹಾಸೆಬೆ ಮೂರನ್ನು, ತೊಶಿಯಾ ಫುಜಿತಾ ಎರಡನ್ನು ನಿರ್ದೇಶಿಸಿದರು. ಮೊದಲ ಚಿತ್ರದ ನಾಯಕಿ ಗಾಯಕಿ ಅಕಿಕೊ ವಾಡಾ. ಆದರೆ ಸರಣಿಯನ್ನು ತನ್ನದಾಗಿಸಿಕೊಂಡವರು ಮೆಯ್‌ಕೊ ಕಾಜಿ. ಮೂರನೆಯ ಚಿತ್ರದಲ್ಲಿ ಅಗಲ ಅಂಚಿನ ಕಪ್ಪು ಹ್ಯಾಟು ತೊಟ್ಟು ಅವರು ಎದುರಿಸುವುದು ಮಿಶ್ರರಕ್ತದ ಹುಡುಗರನ್ನು ಬೇಟೆಯಾಡುವ ಗುಂಪನ್ನು. ನಾಲ್ಕನೆಯದರಲ್ಲಿ ವಿಯೆಟ್ನಾಂ ಯುದ್ಧದಿಂದ ತಪ್ಪಿಸಿಕೊಂಡು ಬಂದ ಅಮೆರಿಕದ ಸೈನಿಕನೊಬ್ಬ ಬರುತ್ತಾನೆ. ಮನರಂಜನೆಗೆಂದು ತರಾತುರಿಯಲ್ಲಿ ಮಾಡಿದ ಚಿತ್ರಗಳಲ್ಲಿ ಇಷ್ಟೆಲ್ಲ ನುಸುಳಿಕೊಂಡಿರುವುದೇ ಈ ಸರಣಿಯ ಸೊಗಸು. ಇದೇ ಹೊತ್ತಿನಲ್ಲಿ ತೋಯೆ ಕೂಡ ‘ಸುಕೆಬಾನ್’, ಅಂದರೆ ಗುಂಪಿನ ನಾಯಕಿಯಾದ ಹುಡುಗಿಯ ಚಿತ್ರಗಳನ್ನು ತೆಗೆಯಿತು. ಅವುಗಳಲ್ಲಿ ಬಹುಪಾಲು ವಯಸ್ಕರಿಗೆ ಮಾತ್ರ ಎಂದು ಮಾಡಿದವು. ಹೆಣ್ಣಿನ ದೇಹವನ್ನು ಮಾರುವುದೇ ಅವುಗಳ ಮುಖ್ಯ ವ್ಯಾಪಾರ. ಶಾಲಾ ಸಮವಸ್ತ್ರವನ್ನು ಆ ವ್ಯಾಪಾರಕ್ಕೆ ಎಳೆದ ಚಿತ್ರಗಳನ್ನು ಬಂಡಾಯದ ಸಂಗ್ರಹಕ್ಕೆ ಸೇರಿಸಬೇಕಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಾಲ್ಕನೆಯದು 1976ರಿಂದ ಮುಂದಿನದು. ಕಾಜುಹಿಕೊ ಹಾಸೆಗಾವಾ ಅವರ ‘ಸೈಶುನ್ ನೊ ಸಾತ್ಸುಜಿನ್‌ಶಾ’ ತಂದೆತಾಯಿಯನ್ನೇ ಕೊಂದ ಯುವಕನ ಕಥೆ. ಮಿತ್ಸುವೊ ಯಾನಾಗಿಮಾಚಿ ಬೈಕ್ ಗುಂಪೊಂದರ ಜೊತೆಗಿದ್ದು ಸಾಕ್ಷ್ಯಚಿತ್ರ ಮಾಡಿದರು. 1980ರಲ್ಲಿ ಸೊಗೊ ಇಶಿ ವಿದ್ಯಾರ್ಥಿಯಾಗಿ 16 ಮಿ.ಮೀ. ಫಿಲ್ಮಿನಲ್ಲಿ ತೆಗೆದ ‘ಕುರುಯಿಝಾಕಿ ಸಂಡಾ ರೋದೊ’ವನ್ನು ತೋಯೆ ಬಿಡುಗಡೆ ಮಾಡಿತು. 1985ರಲ್ಲಿ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಆಧಾರಿತ ‘ಬೀ ಬಪ್ಪು ಹೈ ಸುಕೂರು’ ಬರುವ ಹೊತ್ತಿಗೆ ಪುಂಡ ಹುಡುಗ ಮನೆಮಂದಿಯೆಲ್ಲ ನಕ್ಕು ನೋಡುವ ಪಾತ್ರವಾಗಿದ್ದ. ಹೊಸಬರ ಜೇಬಿಗೆ ಹಗುರವಾದ ಅಲೆ ಇದು.

ಹೆಜ್ಜೆ 2: ಕೊಳ್ಳುವ ಮೊದಲು ನೋಡಿ

ನೋಡದ ಚಿತ್ರದ ಪೋಸ್ಟರ್ ಕೊಳ್ಳಬೇಡಿ. ಇಂಗ್ಲಿಷ್ ಉಪಶೀರ್ಷಿಕೆಯಿರುವ ಒಳ್ಳೆಯ ಡಿಸ್ಕ್‌ಗಳು ಇವೆ. ‘ಕುರುತ್ತ ಕಾಜಿತ್ಸು’ ಮತ್ತು ‘ಕೆಂಕಾ ಎರೆಜೀ’ಯನ್ನು ಅಮೆರಿಕದ ಕ್ರೈಟೀರಿಯನ್ ಡಿವಿಡಿಯಾಗಿ ತಂದಿದೆ. ಅದೇ ಸಂಸ್ಥೆಯ ಎಕ್ಲಿಪ್ಸ್ ಮಾಲಿಕೆಯಲ್ಲಿ ಕುರಾಹಾರಾ ಅವರ ಐದು ಚಿತ್ರಗಳ ಪೆಟ್ಟಿಗೆ ಇದೆ. ‘ನೊರಾನೆಕೊ ರೊಕ್ಕು’ವಿನ ಐದೂ ಚಿತ್ರಗಳನ್ನು ಬ್ರಿಟನ್ನಿನ ಆರೊ ವಿಡಿಯೊ ಒಟ್ಟಿಗೆ ಕೊಟ್ಟಿದೆ. ಸೊಗೊ ಇಶಿ ಅವರ ಬೈಕ್ ಚಿತ್ರಕ್ಕೆ ಥರ್ಡ್ ವಿಂಡೊ ಫಿಲ್ಮ್ಸ್ ಸಂಸ್ಥೆಯ ಡಿಸ್ಕ್ ಹುಡುಕಿ.

ಒಂದು ತೊಡಕನ್ನು ಮೊದಲೇ ತಿಳಿದಿರಿ. ಡಿಸ್ಕ್‌ಗಳಿಗೆ ಪ್ರದೇಶದ ಬೀಗವಿರುತ್ತದೆ. ಭಾರತದ ಡಿವಿಡಿ ಪ್ರದೇಶ 5, ಜಪಾನಿನದು 2, ಅಮೆರಿಕದ್ದು 1. ಬ್ಲೂ-ರೇಯಲ್ಲಿ ಭಾರತ ಸಿ, ಜಪಾನ್ ಮತ್ತು ಅಮೆರಿಕ ಎ, ಬ್ರಿಟನ್ ಬಿ. ಇಲ್ಲಿ ಮಾರುವ ಸಾಮಾನ್ಯ ಪ್ಲೇಯರ್‌ನಲ್ಲಿ ಇವು ಓಡದೇ ಇರಬಹುದು. ಎಲ್ಲ ಪ್ರದೇಶಗಳ ಡಿಸ್ಕ್ ಓಡಿಸುವ ಪ್ಲೇಯರ್ ಇದೆಯೇ ಎಂದು ನೋಡಿಕೊಂಡು ಆಮೇಲೆ ಖರೀದಿಗೆ ಇಳಿಯಿರಿ. ಜಪಾನಿನಲ್ಲೇ ಬಿಡುಗಡೆಯಾದ ಡಿಸ್ಕ್‌ಗಳಲ್ಲಿ ಇಂಗ್ಲಿಷ್ ಉಪಶೀರ್ಷಿಕೆ ಇರುವುದು ಅಪರೂಪ.

ಹೆಜ್ಜೆ 3: ಕಾಗದದ ಬಗೆಗಳನ್ನು ಗುರುತಿಸಿ

ಜಪಾನಿ ಪೋಸ್ಟರಿನ ಮೂಲ ಅಳತೆ ಬಿ2. ಅಗಲ 51.5 ಸೆಂ.ಮೀ., ಎತ್ತರ 72.8 ಸೆಂ.ಮೀ. ಸಂಗ್ರಹದ ಬೆನ್ನೆಲುಬು ಇದೇ. ಎರಡು ಬಿ2 ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಎತ್ತರದ ಪೋಸ್ಟರ್‌ಗೆ ‘ತಾತೆಕಾನ್’ ಎನ್ನುತ್ತಾರೆ. ಸುಮಾರು 145 ಸೆಂ.ಮೀ. ಎತ್ತರವಿರುವ ಇದು ಕಡಿಮೆ ಉಳಿದಿದೆ, ಬೆಲೆಯೂ ಹೆಚ್ಚು. ಬಿ2ವನ್ನು ಉದ್ದಕ್ಕೆ ಸೀಳಿದಷ್ಟು ಕಿರಿದಾದದ್ದು ಸ್ಪೀಡ್ ಪೋಸ್ಟರ್. ಚಿತ್ರಮಂದಿರದ ಮಾಲೀಕರಿಗೆ ಕಳಿಸುತ್ತಿದ್ದ ಪ್ರೆಸ್ ಶೀಟಿನಲ್ಲಿ ಕಥಾಸಾರ, ಪಾತ್ರವರ್ಗ, ಜಾಹೀರಾತಿನ ಸಾಲುಗಳು ಇರುತ್ತವೆ. ಚಿತ್ರವನ್ನು ಹೇಗೆ ಮಾರಲು ನೋಡಿದರು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ನನ್ನ ಮಟ್ಟಿಗೆ ಪೋಸ್ಟರಿಗಿಂತಲೂ ಓದಬೇಕೆನಿಸುವುದು ಈ ಹಾಳೆಗಳನ್ನೇ.

‘ಚಿರಾಶಿ’ ಎಂದರೆ ಬಿ5 ಅಳತೆಯ, ಅಂದರೆ 18.2 × 25.7 ಸೆಂ.ಮೀ. ಕರಪತ್ರ. ಚಿತ್ರಮಂದಿರದ ಮುಂದೆ ಪುಕ್ಕಟೆ ಸಿಗುತ್ತಿತ್ತು. 1970ರ ದಶಕದಿಂದ ಈಚೆಗಿನವು ಹೇರಳವಾಗಿವೆ, 1956–60ರ ಚಿತ್ರಗಳಿಗೆ ಸಿಗುವುದು ಕಷ್ಟ. ಚಿತ್ರಮಂದಿರದಲ್ಲಿ ಮಾರುತ್ತಿದ್ದ ಸಚಿತ್ರ ಕಿರುಪುಸ್ತಕಗಳನ್ನು ಜಪಾನಿನಲ್ಲಿ ಪಾಂಫುರೆಟ್ಟೊ ಎನ್ನುತ್ತಾರೆ. ಈ ಬಗೆಯಲ್ಲಿ ಆರ್ಟ್ ಥಿಯೇಟರ್ ಗಿಲ್ಡ್‌ನದು ಬೇರೆಯೇ ಲೋಕ. ಈ ಸಂಸ್ಥೆ ತಾನು ಬಿಡುಗಡೆ ಮಾಡಿದ ಚಿತ್ರಗಳಿಗೆ ‘ಆರ್ಟ್ ಥಿಯೇಟರ್’ ಎಂಬ ಸಂಚಿಕೆ ತರುತ್ತಿತ್ತು. ಅದರಲ್ಲಿ ಚಿತ್ರಕಥೆ, ವಿಮರ್ಶೆ, ಛಾಯಾಚಿತ್ರ ಎಲ್ಲವೂ ಸೇರಿರುತ್ತಿದ್ದವು. ಹಾಸೆಗಾವಾ ಅವರ ಚಿತ್ರವನ್ನು ಹೊರತಂದದ್ದೂ ಇದೇ ಗಿಲ್ಡ್.

ಹಾಡಿನ ತಟ್ಟೆಗಳನ್ನು ಮರೆಯಬೇಡಿ. ಯೂಜಿರೊ ನಟನೆಯ ಜೊತೆಗೇ ಹಾಡುಗಾರರಾಗಿಯೂ ಬೆಳೆದರು. ಮೆಯ್‌ಕೊ ಕಾಜಿ ಹಾಡಿದ ಎರಡು ಹಾಡುಗಳನ್ನು ಹಾಲಿವುಡ್ ನಿರ್ದೇಶಕ ಕ್ವೆಂಟಿನ್ ಟರಂಟಿನೊ 2003–04ರ ‘ಕಿಲ್ ಬಿಲ್’ ಚಿತ್ರಗಳಲ್ಲಿ ಬಳಸಿದ ಮೇಲೆ ಅವರಿಗೆ ಜಗತ್ತಿನಾದ್ಯಂತ ಹೊಸ ಅಭಿಮಾನಿಗಳು ಹುಟ್ಟಿಕೊಂಡರು. ಅವರ ಮುಖವಿರುವ ಕಾಗದ ಇಂದು ದುಬಾರಿ. ಎಲ್‌ಪಿ ಕೊಳ್ಳುವಾಗ ಹೊದಿಕೆಗೆ ಸುತ್ತಿದ ‘ಓಬಿ’ ಎಂಬ ಕಾಗದದ ಪಟ್ಟಿ ಇದೆಯೇ ನೋಡಿ. ಅದಿಲ್ಲದಿದ್ದರೆ ಬೆಲೆ ಸಾಕಷ್ಟು ಇಳಿಯಬೇಕು.

ಹೆಜ್ಜೆ 4: ವರ್ಷ ಓದಲು ಕಲಿಯಿರಿ

ಜಪಾನಿ ಕಾಗದಗಳಲ್ಲಿ ಇಸವಿಯ ಬದಲು ಚಕ್ರವರ್ತಿಯ ಆಳ್ವಿಕೆಯ ವರ್ಷ ಇರುವುದೇ ಹೆಚ್ಚು. ಶೋವಾ ವರ್ಷಕ್ಕೆ 1925 ಕೂಡಿಸಿ. ಶೋವಾ 31 ಎಂದರೆ 1956, ಶೋವಾ 35 ಎಂದರೆ 1960, ಶೋವಾ 45 ಎಂದರೆ 1970. ಪೋಸ್ಟರ್ ಮೇಲೆ ಯಾವ ವರ್ಷವೂ ಇಲ್ಲದಿರುವುದೂ ಉಂಟು. ಆಗ ಸ್ಟುಡಿಯೊದ ಲಾಂಛನ, ಏಯ್‌ರಿನ್ ಗುರುತು, ವಿತರಕರ ಹೆಸರು ನೋಡಬೇಕು. ಮೂಲ ಬಿಡುಗಡೆಯ ಪೋಸ್ಟರ್ ಮತ್ತು ಮರುಬಿಡುಗಡೆಯ ಪೋಸ್ಟರ್ ಎರಡೂ ಅಸಲಿಯೇ. ಆದರೆ ಬೆಲೆ ಒಂದೇ ಅಲ್ಲ. ಕಾಜಿ, ಯೂಜಿರೊ, ಸುಝುಕಿ ಹೆಸರಿನ ಕಾಗದಗಳಲ್ಲಿ ಈ ವ್ಯತ್ಯಾಸ ಕೇಳಿ ತಿಳಿಯದೆ ಹಣ ಕೊಡಬೇಡಿ.

ಹೆಜ್ಜೆ 5: ಎಲ್ಲಿ ಹುಡುಕುವುದು

ಟೋಕಿಯೊಗೆ ಹೋಗುವ ಅವಕಾಶ ಸಿಕ್ಕರೆ ಕಾಂಡಾದ ಜಿಂಬೊಚೊ ಹಳೆ ಪುಸ್ತಕ ಬೀದಿಗೆ ಒಂದು ಇಡೀ ದಿನ ಮೀಸಲಿಡಿ. ಅಲ್ಲಿನ ಯಾಗುಚಿ ಶೊತೆನ್ ಸಿನಿಮಾ ಮತ್ತು ರಂಗಭೂಮಿಯ ಪುಸ್ತಕಗಳಿಗೆ ಹೆಸರಾದ ಅಂಗಡಿ. ನಾಕಾನೊ ಬ್ರಾಡ್‌ವೇ ಎಂಬ ಮಳಿಗೆ ಸಂಕೀರ್ಣದಲ್ಲಿ ಮಂದಾರಾಕೆ ಎಂಬ ಹಳೆ ಸಾಮಗ್ರಿಗಳ ಅಂಗಡಿ ಇದೆ. ಕ್ಯೋಬಾಶಿಯಲ್ಲಿರುವ ಜಪಾನಿನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದಲ್ಲಿ ಹಳೆಯ ಪೋಸ್ಟರ್ ಮಾರುವುದಿಲ್ಲ, ಆದರೆ ಅಸಲಿ ಪೋಸ್ಟರ್ ಹತ್ತಿರದಿಂದ ಹೇಗೆ ಕಾಣುತ್ತದೆ ಎಂದು ಕಣ್ಣು ಪಳಗಿಸಿಕೊಳ್ಳಲು ಅಲ್ಲಿನ ಪ್ರದರ್ಶನಗಳು ಬೇಕು.

ಮನೆಯಲ್ಲಿ ಕುಳಿತು ಕೊಳ್ಳುವವರಿಗೆ ಯಾಹೂ ಜಪಾನ್ ಹರಾಜು, ಮೆರ್ಕಾರಿ, ಸುರುಗಯಾ ಎಂಬ ಜಾಲತಾಣಗಳಿವೆ. ಇಲ್ಲಿನ ಬಹಳಷ್ಟು ಮಾರಾಟಗಾರರು ಹೊರದೇಶಕ್ಕೆ ಕಳಿಸುವುದಿಲ್ಲ. ಅದಕ್ಕಾಗಿ ಬಾಯೀ, ಝೆನ್‌ಮಾರ್ಕೆಟ್‌ನಂಥ ಮಧ್ಯವರ್ತಿ ಸೇವೆಗಳಿವೆ. ಅವರು ನಿಮ್ಮ ಪರವಾಗಿ ಕೊಂಡು, ತಮ್ಮ ಗೋದಾಮಿನಲ್ಲಿಟ್ಟು, ನಂತರ ಕಳಿಸುತ್ತಾರೆ. ಇಂಗ್ಲಿಷ್ ಹೆಸರಿನಲ್ಲಿ ಹುಡುಕಿದರೆ ಸಿಗುವುದು ಅಲ್ಪ, ಬೆಲೆ ಹೆಚ್ಚು. ಚಿತ್ರದ ಜಪಾನಿ ಹೆಸರನ್ನು ಅದೇ ಲಿಪಿಯಲ್ಲಿ ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಹುಡುಕಿ.

ಮಾರಾಟದ ವಿವರಣೆಯನ್ನು ಅನುವಾದ ತಂತ್ರಾಂಶಕ್ಕೆ ಹಾಕಿದರೆ ಮುಖ್ಯ ಸಂಗತಿಯೇ ಜಾರಿಹೋಗುವುದುಂಟು. ಕೆಲವು ಪದಗಳನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಿ. ‘ತೋಜಿಮೊನೊ’ ಎಂದರೆ ಆ ಕಾಲದ್ದೇ. ‘ಫುಕ್ಕೊಕು’ ಎಂದರೆ ಮರುಮುದ್ರಣ. ‘ಓರೆ’ ಮಡಿಕೆ, ‘ಯಾಬುರೆ’ ಹರಿದದ್ದು, ‘ಶಿಮಿ’ ಕಲೆ, ‘ಯಾಕೆ’ ಬಿಸಿಲಿಗೆ ಕಂದಿದ್ದು, ‘ಆನಾ’ ತೂತು. ಮಡಿಕೆ ಕಂಡು ಹೆದರಬೇಕಾಗಿಲ್ಲ. 1950–60ರ ದಶಕದ ಪೋಸ್ಟರ್‌ಗಳಲ್ಲಿ ಹೆಚ್ಚಿನವು ಮಡಿಚಿಟ್ಟವೇ. ಮೂಲೆಗಳಲ್ಲಿ ಮೊಳೆಯ ತೂತು ಇದ್ದರೆ ಅದು ಗೋಡೆ ಕಂಡ ಪೋಸ್ಟರ್ ಎಂದಷ್ಟೇ ಅರ್ಥ. ಬಿಸಿಲಿಗೆ ಕಂದಿದ ಕೆಂಪು ಮಾತ್ರ ಎಂದೂ ಹಿಂದಿರುಗುವುದಿಲ್ಲ. ಕೆಂಪು ಕಂದಿದ್ದನ್ನು ಬಿಟ್ಟುಬಿಡಿ.

ಬೆಲೆ ತಿಳಿಯಲು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಆಕ್‌ಫ್ಯಾನ್ ಎಂಬ ಸೇವೆಯಲ್ಲಿ ಹಿಂದಿನ ಹರಾಜುಗಳ ಬೆಲೆ ಸಿಗುತ್ತದೆ. ಯಾಹೂ ಹರಾಜಿನಲ್ಲಿ ಕೊನೆಯ ನಿಮಿಷಗಳಲ್ಲಿ ಯಾರಾದರೂ ಬೆಲೆ ಕೂಗಿದರೆ ಅವಧಿ ತಾನಾಗಿ ಮುಂದಕ್ಕೆ ಹೋಗುವ ವ್ಯವಸ್ಥೆಯನ್ನು ಹಲವು ಮಾರಾಟಗಾರರು ಇಟ್ಟಿರುತ್ತಾರೆ. ಕೊನೆಯ ಸೆಕೆಂಡಿನಲ್ಲಿ ನುಗ್ಗಿ ಗೆಲ್ಲುವ ಯೋಚನೆ ಅಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ಗರಿಷ್ಠ ಮೊತ್ತವನ್ನು ಮೊದಲೇ ನಿರ್ಧರಿಸಿ, ದಾಟಿದರೆ ಕೈಬಿಡಿ.

ಹೆಜ್ಜೆ 6: ಅಸಲಿಯೋ ನಕಲಿಯೋ

ಕೈಗೆ ಬಂದ ಮೇಲೆ ಮೊದಲು ಅಳತೆ ಪಟ್ಟಿ ತೆಗೆಯಿರಿ. ಬಿ2 ಅಳತೆಗಿಂತ ಸೆಂಟಿಮೀಟರ್‌ಗಟ್ಟಲೆ ಹೆಚ್ಚುಕಡಿಮೆ ಇದ್ದರೆ ಅಂಚು ಕತ್ತರಿಸಿರಬೇಕು, ಇಲ್ಲವೇ ಅದು ನಕಲು. ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು ಅಕ್ಷರಗಳನ್ನು ನೋಡಿ, ಚಿತ್ರವನ್ನಲ್ಲ. ಅಸಲಿ ಆಫ್‌ಸೆಟ್ ಮುದ್ರಣದಲ್ಲಿ ಛಾಯಾಚಿತ್ರ ಚುಕ್ಕಿಚುಕ್ಕಿಯಾಗಿದ್ದರೂ ದಪ್ಪ ಅಕ್ಷರಗಳು ಸಾಮಾನ್ಯವಾಗಿ ಗಟ್ಟಿ ಬಣ್ಣದಲ್ಲಿ, ಚೂಪಾದ ಅಂಚಿನೊಂದಿಗೆ ಇರುತ್ತವೆ. ಪೋಸ್ಟರನ್ನೇ ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದ್ದರೆ ಅಕ್ಷರದ ಅಂಚುಗಳೂ ಚುಕ್ಕಿಗಳಾಗಿ ಒಡೆದಿರುತ್ತವೆ. ಇಂಕ್‌ಜೆಟ್ ಪ್ರತಿಯಲ್ಲಿ ಚುಕ್ಕಿಗಳ ಕ್ರಮವೇ ಇರುವುದಿಲ್ಲ, ಬಣ್ಣ ಸಿಂಪಡಿಸಿದಂತೆ ಕಾಣುತ್ತದೆ. ಇನ್ನೊಂದು ಸುಳಿವು ಮಡಿಕೆಯದು. ನಕಲಿನಲ್ಲಿ ಮಡಿಕೆಯ ಗೆರೆ ಅಚ್ಚಾಗಿರುತ್ತದೆ, ಬೆರಳಾಡಿಸಿದರೆ ಕಾಗದ ನುಣುಪಾಗಿರುತ್ತದೆ.

ಹೆಜ್ಜೆ 7: ಊರಿಗೆ ತರಿಸುವುದು

ಒಂದು ಚಿರಾಶಿಯನ್ನು ಒಂಟಿಯಾಗಿ ತರಿಸಿದರೆ ಸಾಗಣೆ ವೆಚ್ಚವೇ ಕಾಗದದ ಬೆಲೆಯನ್ನು ಮೀರುತ್ತದೆ. ಮಧ್ಯವರ್ತಿಯ ಗೋದಾಮಿನಲ್ಲಿ ಹಲವನ್ನು ಕೂಡಿಸಿ ಒಂದೇ ಪೊಟ್ಟಣ ಮಾಡಿಸಿ. ಎಷ್ಟು ದಿನ ಇಡುತ್ತಾರೆ ಎಂಬುದನ್ನು ನೋಡಿಕೊಳ್ಳಿ. ಮಡಿಕೆಯಿರುವ ಪೋಸ್ಟರನ್ನು ಅದೇ ಮಡಿಕೆಯಲ್ಲಿ ಎರಡು ಗಟ್ಟಿ ರಟ್ಟುಗಳ ನಡುವೆ ಕಳಿಸಲಿ. ಮಡಿಚದ್ದನ್ನು ಅಗಲ ಬಾಯಿಯ ಗಟ್ಟಿ ಕೊಳವೆಯಲ್ಲಿ ಸುತ್ತಿ ಕಳಿಸಲಿ. ಯಾವುದನ್ನು ಹೇಗೆ ಎಂದು ಬರೆದು ತಿಳಿಸಿ. ನೀವು ಹೇಳದಿದ್ದರೆ ಅರ್ಧ ಶತಮಾನ ಮಡಿಕೆ ಕಾಣದ ಪೋಸ್ಟರ್ ಮಡಿಚಿಕೊಂಡು ಬಂದೀತು.

ಇಲ್ಲಿ ಕಸ್ಟಮ್ಸ್ ಸುಂಕ ಮತ್ತು ಐಜಿಎಸ್‌ಟಿ ಬೀಳಬಹುದು. ಖರೀದಿಯ ರಸೀದಿ ಇಟ್ಟುಕೊಳ್ಳಿ, ಪೊಟ್ಟಣದ ಮೇಲೆ ನಿಜವಾದ ಬೆಲೆಯನ್ನೇ ಬರೆಸಿ. ಅಶ್ಲೀಲ ಎನ್ನಬಹುದಾದ ಮುದ್ರಿತ ವಸ್ತುಗಳನ್ನು ಭಾರತಕ್ಕೆ ತರುವುದಕ್ಕೆ ನಿಷೇಧವಿದೆ.

ಹೆಜ್ಜೆ 8: ಮಳೆಗಾಲದಿಂದ ಕಾಪಾಡಿ

ಈ ಕಾಗದ ತೆಳು, ಅಗ್ಗ, ಬೇಗ ಹಳದಿಯಾಗುವಂಥದ್ದು. ಮಂಗಳೂರು, ಕಾರವಾರ, ಮಲೆನಾಡಿನಲ್ಲಿರುವವರು ಆಷಾಢದ ತೇವಕ್ಕೆ ಮೊದಲೇ ಸಿದ್ಧರಾಗಬೇಕು. ಆಮ್ಲರಹಿತ ಕಾಗದ, ಪಾಲಿಯೆಸ್ಟರ್ ಕವರು, ಚಪ್ಪಟೆಯಾಗಿ ಮಲಗಿಸಿಡುವ ಪೆಟ್ಟಿಗೆ, ಇಷ್ಟು ಬೇಕು. ಪಿವಿಸಿ ಕವರು ಬೇಡ, ಅದು ಕ್ರಮೇಣ ಮಸಿಗೆ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ತೇವ ಹೀರಿದ ಮೇಲೆ ಒಣಗಿಸಿ ಮತ್ತೆ ಇಡಿ. ತೇವಾಂಶ ಶೇ 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅಳೆಯುವ ಪುಟ್ಟ ಮಾಪಕ ಅಗ್ಗವಾಗಿ ಸಿಗುತ್ತದೆ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ. ನುಸಿಗುಳಿಗೆಯನ್ನು ಕಾಗದಕ್ಕೆ ತಾಗಿಸಬೇಡಿ. ಹರಿದಲ್ಲಿ ಸೆಲ್ಲೋ ಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಕಾಗದವನ್ನು ಕೊಲ್ಲುತ್ತವೆ. ಚೌಕಟ್ಟು ಹಾಕಿಸುವುದಾದರೆ ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿಸಿ, ಗಾಜಿಗೂ ಕಾಗದಕ್ಕೂ ನಡುವೆ ಅಂತರ ಬಿಡಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.

ಪ್ರತಿ ಕಾಗದಕ್ಕೂ ಒಂದು ಪುಟದ ದಾಖಲೆ ಬರೆಯಿರಿ. ಚಿತ್ರ, ಬಿಡುಗಡೆಯ ತಿಂಗಳು, ಸ್ಟುಡಿಯೊ, ಅಳತೆ, ಕುಂದುಗಳು, ಎಲ್ಲಿ ಎಷ್ಟಕ್ಕೆ ಕೊಂಡದ್ದು, ಜೊತೆಗೆ ಆ ಚಿತ್ರದ ಹರೆಯಕ್ಕೆ ಯಾರ ಮೇಲೆ ಸಿಟ್ಟಿತ್ತು ಎಂಬ ಎರಡು ಸಾಲು. ಈ ಎರಡು ಸಾಲು ಬರೆಯಲಾಗದಿದ್ದರೆ ಆ ಕಾಗದ ನಿಮ್ಮ ಸಂಗ್ರಹದ್ದಲ್ಲ, ಇನ್ನೊಬ್ಬರಿಗೆ ಕೊಟ್ಟುಬಿಡಿ.

ಮೊದಲ ಖರೀದಿ ಯಾವುದು ಎಂದು ಕೇಳುವವರಿಗೆ ನನ್ನ ಸಲಹೆ ಹೀಗಿದೆ. 1980ರ ದಶಕದ ಎರಡು ಮೂರು ಚಿರಾಶಿಗಳು, ಜೊತೆಗೆ ಆರ್ಟ್ ಥಿಯೇಟರ್ ಗಿಲ್ಡ್‌ನ ಒಂದು ಸಂಚಿಕೆ. ಇವನ್ನು ಮಧ್ಯವರ್ತಿಯ ಮೂಲಕ ತರಿಸಿ. ಹುಡುಕುವುದು, ವಿವರಣೆ ಓದುವುದು, ಪೊಟ್ಟಣ ಕಟ್ಟಿಸುವುದು, ಸುಂಕ ಕಟ್ಟುವುದು ಎಲ್ಲವೂ ಕಡಿಮೆ ಹಣದಲ್ಲಿ ಅಭ್ಯಾಸವಾಗುತ್ತವೆ. 1956ರ ಬಿ2 ಪೋಸ್ಟರಿಗೆ ಬೆಲೆ ಕೂಗುವುದು ಅದರ ನಂತರ.